ಅರಿಶಿನದ ನೀರು

ಟ್ರ್ಯಾಕ್ಟರಿನ ಸದ್ದು ಕೇಳಿಸಿದಾಗ ಶಿವನಂಜಪ್ಪ ಶೆಡ್ಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದ. ಸುಲಿಯುವ ಕೆಲಸ ಅವನಿಗೆ ಒಗ್ಗಿದ್ದಲ್ಲ. ಮೂವತ್ತೈದು ವರ್ಷ ನಟ್ಟು ಬೋಲ್ಟು ಬಿಚ್ಚಿದ ಬೆರಳಿಗೆ ಕಾಯಿಯ ಬೆನ್ನು ಹಿಸುಕಿ ಕಾಳು ಬಿಡಿಸುವ ನಯ ಬರುವುದಾದರೂ ಹೇಗೆ? ಕಾಳು ಜಾರಿ ಎಣ್ಣೆ ಕುಡಿದ ನೆಲಕ್ಕೆ ಬೀಳುತ್ತಿತ್ತು. ಅವನು ಬಗ್ಗಿ ಆರಿಸಿ, ಲುಂಗಿಗೆ ಒರೆಸಿ, ಮತ್ತೆ ಬೋಗುಣಿಗೆ ಹಾಕುತ್ತಿದ್ದ. ಒಬ್ಬನ ಸಾರಿಗೆ ಎಷ್ಟು ಕಾಳು ಬೇಕೆಂಬ ಅಂದಾಜು ಇವತ್ತಿಗೂ ಸಿಕ್ಕಿರಲಿಲ್ಲ. ಪ್ರತಿ ಸಲವೂ ಹೆಚ್ಚಾಗುತ್ತಿತ್ತು. ಹೆಚ್ಚಾದದ್ದನ್ನು ಮಾರನೆಯ ದಿನ ಬಿಸಿ ಮಾಡಿಕೊಂಡು ಉಣ್ಣುವಾಗ, ಇದೇ ಮಣೆಯ ಮೇಲೆ ಕೂತು ಹೆಂಡತಿ ಶಿವರುದ್ರಮ್ಮ ಕಾಯಿಯ ಕಡೆಗೆ ಕಣ್ಣೂ ಹಾಯಿಸದೆ ಸುಲಿಯುತ್ತಿದ್ದದ್ದು, ಸುಲಿಯುತ್ತಲೇ ಅವನು ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಹಾಕುತ್ತಾನೆಂದು ನೋಡುತ್ತಿದ್ದದ್ದು ನೆನಪಾಗುತ್ತಿತ್ತು. ಹೋದ ಪುಷ್ಯದಲ್ಲಿ ನಾಲ್ಕೇ ದಿನದ ಜ್ವರದಲ್ಲಿ ಹೋದಳು. ವರ್ಷ ತುಂಬಲು ಇನ್ನು ಇಪ್ಪತ್ತು ದಿನ. ಈ ಇಪ್ಪತ್ತು ದಿನ ಯಾರೂ ಬರದಿದ್ದರೆ ಸಾಕು ಎಂದು ಬೆಳಗ್ಗೆಯಷ್ಟೇ ಅಂದುಕೊಂಡಿದ್ದ. ಯಾರೂ ಅಂದರೆ ಯಾರು ಎಂದು ಆಗ ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಟ್ರ್ಯಾಕ್ಟರ್ ಎಚ್.ಡಿ. ಕೋಟೆ ರಸ್ತೆಯಿಂದ ಇತ್ತ ಹೊರಳಿದಾಗ, ಅದರ ಹಿಂದೆ ಸರಪಳಿಗೆ ಕಟ್ಟಿಸಿಕೊಂಡು ಬರುತ್ತಿದ್ದ ಗಾಡಿಯ ನೀಲಿ ಬಾಗಿಲು ಮೊದಲು ಕಂಡಿತು. ಬಿಳಿ ಪಿಕಪ್ಪಿಗೆ ಒಂದು ನೀಲಿ ಬಾಗಿಲು. ಅದನ್ನು ಗುಜರಿಯಿಂದ ತಂದು ಕೂರಿಸಿದವನೂ ಅವನೇ, ಬಿಳಿ ಬಣ್ಣ ಹೊಡೆದರಾಯಿತು ಎಂದು ಸೋಮಾರಿತನದಿಂದ ಹಾಗೇ ಬಿಟ್ಟವನೂ ಅವನೇ. ಬೋಗುಣಿ ಎತ್ತಿಕೊಂಡು ಎದ್ದ. ಷಟರ್ ಎಳೆದು ಹಿಂದಿನ ಮನೆಯೊಳಗೆ ಹೋಗಿ ಕೂತರೆ, ಬಡಿದು ಬಡಿದು ಬೇಸತ್ತು ಬೇರೆಯವರ ಹತ್ತಿರ ಹೋಗುತ್ತಾರೆ. ಹುಣಸೂರಿನಲ್ಲಿ ಮೆಕ್ಯಾನಿಕ್ಕುಗಳಿಗೇನು ಬರವೇ? ಆದರೆ 'ಅವರು ಊರಲ್ಲಿಲ್ಲ' ಎಂದು ಹೇಳಲಿಕ್ಕಾದರೂ ಮನೆಯಲ್ಲಿ ಒಬ್ಬರು ಬೇಕಲ್ಲ. ರುದ್ರಮ್ಮ ಇದ್ದಿದ್ದರೆ ಹೇಳುತ್ತಿದ್ದಳೇ? 'ಒಳಗವ್ರೆ, ಕೂತ್ಕಳಿ' ಎಂದು ಬಂದವರನ್ನು ಕೂರಿಸಿ, ಒಳಗೆ ಬಂದು 'ಎದ್ದೋಗಿ, ಪಾಪ ಕಾಯ್ತಾ ಕೂತವ್ರೆ' ಅನ್ನುತ್ತಿದ್ದಳು. ಅಲ್ಲದೆ, ಬೇರೆಯವನು ಆ ರೇಡಿಯೇಟರನ್ನು ಬಿಚ್ಚಿದರೆ ಒಳಗೇನಿದೆ ಎಂದು ನೋಡುತ್ತಾನೆ, ಇದು ಯಾರ ಕೈಕೆಲಸ ಎಂದು ಕೇಳುತ್ತಾನೆ. ಶಿವನಂಜಪ್ಪ ಷಟರಿನ ಹಿಡಿಯ ಮೇಲಿದ್ದ ಕೈಯನ್ನು ತೆಗೆದ. ತಾನು ನಿಂತದ್ದು ಮರ್ಯಾದೆಗೆ ಅಂಜಿಯೇ ಹೊರತು ಬಂದವರ ಮೇಲಿನ ಕರುಣೆಯಿಂದಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪಾಜಿ ಪಿಕಪ್ಪಿನ ಸ್ಟೇರಿಂಗ್ ಹಿಡಿದು ಕೂತಿದ್ದ. ಹನಗೋಡಿನಾಚೆ, ಕಾಡಿನ ಅಂಚಿನಲ್ಲಿರುವ ಗಿರಿಜನರ ಹಾಡಿಯವನು. ನಲವತ್ತೈದರ ಆಚೀಚಿನ, ಮಾತು ಕಡಿಮೆಯ ಮನುಷ್ಯ. ಹಾಡಿಯ ಜನರನ್ನು ಬೆಳಗ್ಗೆ ಕೊಡಗಿನ ಕಾಫಿ ತೋಟದ ಕೂಲಿಗೆ ಒಯ್ದು ಸಂಜೆ ಕರೆತರುವುದು, ನಡುವೆ ಶುಂಠಿ ಮೂಟೆ ಸಾಗಿಸುವುದು, ಅವನಿಗೂ ಈ ಗಾಡಿಗೂ ಒಂದು ವರ್ಷದಿಂದ ಇದೇ ಬದುಕು. ಪಕ್ಕದಿಂದ ಇಳಿದವಳು ಅವನ ಹೆಂಡತಿ. ಹೆಸರು ಕುಳ್ಳಿ, ಆದರೆ ಗಂಡನಿಗಿಂತ ನಾಲ್ಕು ಬೆರಳು ಎತ್ತರ. ಅವಳ ಎಡಗೈಗೆ ಮೊಣಕೈವರೆಗೂ ಆಸ್ಪತ್ರೆಯ ಬಿಳಿ ಪಟ್ಟಿ ಸುತ್ತಿತ್ತು.

"ಕಾದೋಯ್ತು ಸ್ವಾಮಿ" ಎಂದ ಅಪ್ಪಾಜಿ, ಟ್ರ್ಯಾಕ್ಟರಿನವನನ್ನು ಕಳಿಸಿಕೊಟ್ಟ ಮೇಲೆ. "ನೆನ್ನೆ ಸಂಜೆ ಹನಗೋಡು ದಾಟಿ ಏರು ಅತ್ತಾ ಇದ್ದೆ. ಇಂಜಿನ್ನು ಕಟಕಟ ಅಂತು. ನಿಲ್ಸಿ ಬಾನೆಟ್ ಎತ್ತುದ್ದೇ ತಡ, ಮೇಲಿನ ಪೈಪು ಒಡ್ದೋಯ್ತು. ಇವ್ಳು ಪಕ್ಕದಾಗೇ ನೀರಿನ ಕ್ಯಾನು ಇಡ್ಕಂಡು ನಿಂತಿದ್ಲು."

"ಅಯ್ಯೋ ಶಿವನೇ. ಬಾಳ ಸುಟ್ಟದಾ?"

"ಇಲ್ಲ ಬುಡಿ ಸ್ವಾಮಿ" ಎಂದಳು ಕುಳ್ಳಿ, ತಪ್ಪು ತನ್ನದೇ ಎಂಬಂತೆ ಆ ಕೈಯನ್ನು ಸೆರಗಿನ ಮರೆಗೆ ಸರಿಸಿಕೊಳ್ಳುತ್ತ. "ಆಸ್ಪತ್ರೇಲಿ ಔಸ್ತಿ ಆಕವ್ರೆ."

"ವಾಸ್ನೇನೇ ಬರ್ಲಿಲ್ಲ ಸ್ವಾಮಿ" ಅಂದ ಅಪ್ಪಾಜಿ. "ಬಂದಿದ್ರೆ ಅಲ್ಲೇ ನಿಲ್ಲುಸ್ಬುಡ್ತಿದ್ದೆ."

"ಸುಟ್ಟ ವಾಸ್ನೆ ಬರೋ ಹೊತ್ಗೆ ಎಲ್ಲಾ ಮುಗ್ದಿರ್ತದೆ ಕಣಪ್ಪ. ವಾಸ್ನೆಗೆ ಕಾಯ್ತಾರಾ? ಮುಳ್ಳು ನೋಡ್ಬೇಕು, ಮುಳ್ಳು." ಮೂವತ್ತೈದು ವರ್ಷದಿಂದ ಎಲ್ಲ ಡ್ರೈವರುಗಳಿಗೂ ಹೇಳುತ್ತ ಬಂದಿದ್ದ ಮಾತು, ತಡೆಯುವ ಮೊದಲೇ ಬಾಯಿಂದ ಹೊರಬಿದ್ದಿತ್ತು. ಅಪ್ಪಾಜಿ ಕುಳ್ಳಿಯ ಮುಖ ನೋಡಿದ. ಕುಳ್ಳಿ ನೆಲ ನೋಡಿದಳು.

"ಮುಳ್ಳು ನಡುವ್ಕೇ ಇತ್ತು ಸ್ವಾಮಿ" ಎಂದ ಅಪ್ಪಾಜಿ ಮೆಲ್ಲಗೆ, ದೊಡ್ಡವರೊಬ್ಬರ ಎಲೆಯಲ್ಲಿ ಕೂದಲು ಸಿಕ್ಕಿದ್ದನ್ನು ಹೇಳುವ ಸಂಕೋಚದಲ್ಲಿ.

ಇತ್ತು, ಇರದೆ ಏನು? ನಡುವೆಯೇ ನಿಲ್ಲುವಂತೆ ಅದನ್ನು ಕಟ್ಟಿಹಾಕಿದ್ದವನು ಅವನೇ. ಇಂಜಿನ್ನಿನ ಬಿಸಿಯನ್ನು ಡ್ರೈವರಿನ ಎದುರಿಗೆ ತೋರಿಸುವ ಆ ಮುಳ್ಳಿನ ವೈರಿಗೆ ರೇಡಿಯೋ ರಿಪೇರಿಯವನಿಂದ ತಂದ, ಅವರೆಕಾಳಿನಷ್ಟೂ ದಪ್ಪವಿಲ್ಲದ ಒಂದು ತುಣುಕನ್ನು ಬೆಸೆದು, ಮೇಲೆ ಕಪ್ಪು ಟೇಪು ಸುತ್ತಿದ್ದ. ಆಮೇಲೆ ಒಳಗೆ ನೀರು ಕುದಿದು ಉಕ್ಕಿದರೂ ಮುಳ್ಳು ಮಾತ್ರ ಗಂಜಿ ಕುಡಿದವನ ಹಾಗೆ ಅರ್ಧದಲ್ಲೇ ನಿಂತಿರುತ್ತಿತ್ತು. ಬಾನೆಟ್ ಎತ್ತಿ ಅವನು ಬಗ್ಗಿದಾಗ ಟೇಪು ಇದ್ದಲ್ಲೇ ಇತ್ತು, ಧೂಳು ಮುಚ್ಚಿಕೊಂಡು. ಅಪ್ಪಾಜಿ ಪಕ್ಕದಲ್ಲೇ ನಿಂತಿದ್ದರಿಂದ ಅದರ ಮೇಲೆ ಕಣ್ಣು ನಿಲ್ಲದಂತೆ ಎಚ್ಚರ ವಹಿಸಿ, ಒಡೆದ ಪೈಪನ್ನು ಮುಟ್ಟಿ ನೋಡಿದ, ಫ್ಯಾನ್ ಬೆಲ್ಟನ್ನು ಒತ್ತಿ ನೋಡಿದ. ಕೊನೆಗೆ ಆಯಿಲ್ ಕಡ್ಡಿ ಎಳೆದ. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಕ್ಕೆ ಇಳಿದಿದೆ ಎಂದರ್ಥ; ಆಗ ಇಂಜಿನ್ನಿನ ಕತೆ ಮುಗಿದಂತೆ, ಹಾಡಿಯವರ ಕೂಲಿಯ ಕತೆಯೂ. ಕಡ್ಡಿಯ ತುದಿಯಲ್ಲಿ ಆಯಿಲ್ ಕಪ್ಪಗೇ ಇತ್ತು. "ಬದ್ಕದೆ ಕಣಪ್ಪ" ಎಂದ. ಅಪ್ಪಾಜಿ ಎರಡೂ ಕೈ ಎತ್ತಿ ಗಾಡಿಗೋ ದೇವರಿಗೋ ಮುಗಿದ. ಆ ಮುಗಿದ ಕೈ ತನ್ನ ಕಡೆಗೂ ಸ್ವಲ್ಪ ತಿರುಗಿತೆಂದು ಕಂಡು ಶಿವನಂಜಪ್ಪ ಸ್ಪ್ಯಾನರ್ ಹುಡುಕುವ ನೆವದಲ್ಲಿ ಒಳಗೆ ಹೋದ.

ಒಳಗೆ ಹೋದವನಿಗೆ ಯಾವ ಸ್ಪ್ಯಾನರ್ ಬೇಕಿತ್ತೆಂದೇ ಮರೆತುಹೋಯಿತು. ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳನ್ನು ನೋಡುತ್ತ ನಿಂತ. ಹೋದ ವರ್ಷ ಕಾರ್ತಿಕದಲ್ಲಿ ಇದೇ ಜಾಗದಲ್ಲಿ ನಿಂತು ಯೋಚಿಸಿದ್ದ. ಗುಜರಿಗೆ ಹೋಗಬೇಕಿದ್ದ ಗಾಡಿಯನ್ನು ತಂದು, ಎರಡು ತಿಂಗಳು ಮೈಮುರಿದು ಎಬ್ಬಿಸಿ ನಿಲ್ಲಿಸಿದ್ದ. ಹಾಡಿಯ ಜನ ಒಟ್ಟು ಸೇರಿ ಅದನ್ನು ಕೊಳ್ಳುವುದೆಂದು ಮಾತಾಗಿ, ನಾಳೆ ಬಂದು ಒಯ್ಯುತ್ತಾರೆ ಎನ್ನುವಾಗ ಇಂಜಿನ್ನನ್ನು ತಂಪಾಗಿಡುವ ರೇಡಿಯೇಟರಿನ ನಡುವಿನಿಂದ ಸಣ್ಣಗೆ ನೀರು ಜಿನುಗತೊಡಗಿತು. ಬೆಸುಗೆ ಹಾಕಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಲಾರಿ ಡ್ರೈವರುಗಳು ದಾರಿಯ ನಡುವೆ ಕೆಟ್ಟಾಗ ಮಾಡುವ ಉಪಾಯ ಅವನಿಗೆ ಗೊತ್ತಿತ್ತು: ಒಂದು ಮುಷ್ಟಿ ಅರಿಶಿನದ ಪುಡಿಯನ್ನು ನೀರಿಗೆ ಸುರಿದು ಇಂಜಿನ್ ಓಡಿಸಿದರೆ, ಪುಡಿ ಹೋಗಿ ತೂತಿಗೆ ಕೂತು ಮುಚ್ಚಿಬಿಡುತ್ತದೆ. ಅದು ಊರು ಮುಟ್ಟುವವರೆಗಿನ ಮದ್ದು, ಗಾಡಿ ಮಾರುವ ಮದ್ದಲ್ಲ. ಅದೂ ಅವನಿಗೆ ಗೊತ್ತಿತ್ತು. ಬೇರೆ ಗಿರಾಕಿಗಾಗಿದ್ದರೆ ಹೀಗೆ ಮಾಡುತ್ತಿದ್ದೆನೇ ಎಂದು ಈ ಒಂದು ವರ್ಷದಲ್ಲಿ ನೂರು ಸಲ ಕೇಳಿಕೊಂಡಿದ್ದ. ಮಾಡುತ್ತಿರಲಿಲ್ಲ. ತಂಬಾಕು ಮಂಡಿಯ ಸಾಹುಕಾರನಾಗಿದ್ದರೆ ಗಾಡಿಯನ್ನು ತಿರುಗಿಸಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿ ಹತ್ತು ಜನ ಕೇಳುವಂತೆ ಬೈಯುತ್ತಿದ್ದ. ಹಾಡಿಯವರು ಬಂದು ಜಗಳ ಮಾಡುವುದಿಲ್ಲ. ಅಷ್ಟೇ. ಇದನ್ನು ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಇದಕ್ಕಿಂತ ಒಳ್ಳೆಯ ಕಾರಣ ಸಿಗುತ್ತಿರಲಿಲ್ಲ.

ಅಡುಗೆಮನೆಗೆ ಹೋಗಿ ಅರಿಶಿನದ ಡಬ್ಬಕ್ಕೆ ಕೈ ಹಾಕಿದಾಗ ರುದ್ರಮ್ಮ ಗಾಬರಿಯಿಂದ ಎದ್ದು ಬಂದಿದ್ದಳು, ಗಾಯ ಮಾಡಿಕೊಂಡನೆಂದು. ಅದು ಅವಳ ತವರು ಗಾವಡಗೆರೆಯ ಹಿತ್ತಲಿನ ಅರಿಶಿನ. ಅವಳೇ ಬೇಯಿಸಿ, ಒಣಗಿಸಿ, ಕುಟ್ಟಿ, ಜರಡಿ ಹಿಡಿದದ್ದು. ಡಬ್ಬದ ಮುಚ್ಚಳ ತೆಗೆದರೆ ನಡುಮನೆವರೆಗೂ ವಾಸನೆ ಹರಡುತ್ತಿತ್ತು. "ಯಾಕೆ, ಏನಾಯ್ತು?" ಎಂದಳು. ಏನಿಲ್ಲ, ರೇಡಿಯೇಟ್ರಿಗೆ ಎಂದ. ಅವಳು ಹಿಂದೆಯೇ ಬಂದು ಮಣೆಯ ಮೇಲೆ ಕೂತಳು. ಅವನು ಪುಡಿ ಸುರಿದದ್ದನ್ನು ನೋಡಿದಳು, ವೈರಿಗೆ ಟೇಪು ಸುತ್ತಿದ್ದನ್ನು ನೋಡಿದಳು. ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಸಿಟ್ಟು ಮಾಡಿ ಗೆಲ್ಲಬಹುದಿತ್ತು. "ಹೇಳಿ ಕೊಡಿ" ಅಂದಳು, ಅಷ್ಟೇ. "ಇಂಗಿಂಗೆ ಮಾಡಿವ್ನಿ, ನೋಡ್ಕಂಡು ಓಡ್ಸು ಅಂತ ಹೇಳಿ ಕೊಡಿ." ಹೇಳುತ್ತೇನೆ ಎಂದಿದ್ದ. ಮಾರನೆಯ ದಿನ ಅವರು ಬಂದರು, ಗಾಡಿಗೆ ಮಾವಿನ ಸೊಪ್ಪು ಕಟ್ಟಿದರು, ಹಾಡಿಯ ಹೆಂಗಸರೆಲ್ಲ ಹಿಂದೆ ಹತ್ತಿ ನಿಂತು ನಗುತ್ತಿದ್ದರು. ಅಪ್ಪಾಜಿ ನೀಲಿ ಬಾಗಿಲನ್ನು ಮೂರು ಸಲ ತೆರೆದು ಮೂರು ಸಲ ಹಾಕಿದ. ಅಂಥ ಹೊತ್ತಿನಲ್ಲಿ ಹೇಳುವುದು ಹೇಗೆ? ಮುಂದಿನ ವಾರ ಹೇಳಿದರಾಯಿತು ಅಂದುಕೊಂಡ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋದರೆ, ರುದ್ರಮ್ಮ ರೊಟ್ಟಿ ತಟ್ಟುತ್ತ ತಿರುಗಿಯೂ ನೋಡದೆ ಕೇಳಿದಳು: "ಹೇಳಿದ್ರಾ?"

"ಹೇಳ್ದೆ" ಅಂದಿದ್ದ.

"ಸ್ವಾಮಿ, ಏನಾರ ಇಡ್ಕಬೇಕಾ?" ಹೊರಗಿನಿಂದ ಅಪ್ಪಾಜಿ ಕೂಗಿದ. ಕೈಗೆ ಸಿಕ್ಕಿದ ಸ್ಪ್ಯಾನರ್ ತೆಗೆದುಕೊಂಡು ಶಿವನಂಜಪ್ಪ ಹೊರಗೆ ಬಂದ. ಅದು ಹೊಂದುವ ಸ್ಪ್ಯಾನರೇ ಆಗಿತ್ತು. ಮನಸ್ಸು ಎಲ್ಲೇ ಇದ್ದರೂ ಕೈ ತನ್ನ ಕೆಲಸವನ್ನು ಮರೆಯುವುದಿಲ್ಲವಲ್ಲ ಎಂದು ಅವನಿಗೆ ತನ್ನ ಕೈಗಳ ಮೇಲೆಯೇ ಅಸಹ್ಯವಾಯಿತು. ಕುಳ್ಳಿ ನೆಲದ ಮೇಲೆ ಟೈರಿಗೆ ಒರಗಿ ಕೂತಿದ್ದಳು. "ಮಣೆ ಮೇಲೆ ಕೂತ್ಕೊ ಕಣವ್ವ" ಎಂದ. "ಅದು ಅಮ್ಮಾವ್ರ ಮಣೆ" ಎಂದು ಅವಳು ಕದಲಲಿಲ್ಲ. ಇವಳಿಗೆ ಹೇಗೆ ಗೊತ್ತು ಎಂದು ಒಂದು ಗಳಿಗೆ ಅನ್ನಿಸಿತು. ಗಾಡಿ ಒಯ್ಯಲು ಬಂದ ದಿನ ನೋಡಿರಬೇಕು ಎಂದುಕೊಂಡ.

ಟೀ ಮಾಡಿ ತಂದುಕೊಟ್ಟ. ಸಕ್ಕರೆ ಜಾಸ್ತಿಯಾಗಿತ್ತು. ಇಬ್ಬರೂ ತಳದವರೆಗೂ ಕುಡಿದರು. ಕುಡಿದ ಮೇಲೆ ಕುಳ್ಳಿ ಒಂದೇ ಕೈಯಲ್ಲಿ ಲೋಟಗಳನ್ನು ನಲ್ಲಿಯ ಕೆಳಗಿಟ್ಟು ತೊಳೆಯತೊಡಗಿದಳು. ಅವನು ಬೇಡ ಅನ್ನುವಷ್ಟರಲ್ಲಿ ತೊಳೆದು ಮಗುಚಿ ಇಟ್ಟಾಗಿತ್ತು. ರುದ್ರಮ್ಮನಾಗಿದ್ದರೆ ಲೋಟವನ್ನು ಅವಳ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ತಾನು ಬೇಡವೆನ್ನಲು ತಡಮಾಡಿದೆನೇ, ಇಲ್ಲಾ ತೊಳೆಯಲಿ ಎಂದು ಒಳಗೊಳಗೇ ಕಾದೆನೇ ಎಂಬುದು ಅವನಿಗೇ ಸ್ಪಷ್ಟವಾಗಲಿಲ್ಲ. ಆ ಸುಟ್ಟ ಕೈಯ ಬಿಳಿ ಪಟ್ಟಿಯನ್ನು ನೋಡಬಾರದೆಂದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಬೋಲ್ಟುಗಳು ಒಂದೊಂದಾಗಿ ಸಡಿಲಾದವು. ರೇಡಿಯೇಟರಿನ ಬುಡದ ತಿರುಪು ಬಿಚ್ಚಿ, ಉಳಿದ ನೀರನ್ನು ಬಾಂಡ್ಲಿಗೆ ಹರಿಯಬಿಟ್ಟ. ಬಂದದ್ದು ಎರಡು ಲೋಟದಷ್ಟು, ಗಾಢ ಹಳದಿ. ಬಗ್ಗಿ ಮೂಸಿದ. ತುಕ್ಕಿನ ವಾಸನೆ, ಅಷ್ಟೇ. ಗಾಡಿ ಕಂಡಾಗಿನಿಂದ ಅವನು ಹೆದರಿದ್ದದ್ದು ಅರಿಶಿನದ ಆ ವಾಸನೆಗೆ. ಅದು ಬರಲಿಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬರೀ ಬಣ್ಣ, ವಾಸನೆಯಿಲ್ಲ. ಹಾಗೆಯೇ ಅಲ್ಲವೇ ಅವಳ ಮುಖವೂ ಇದ್ದದ್ದು, ಕೊನೆಯ ದಿನ? ಗಂಡ ಇರುವಾಗಲೇ ಹೋದ ಮುತ್ತೈದೆ, ಕೆನ್ನೆಗೆ ಅರಿಶಿನ ಹಚ್ಚಬೇಕೆಂದು ಬಂದ ಹೆಂಗಸರು ಕೇಳಿದಾಗ, ಕೆ.ಆರ್. ನಗರದಿಂದ ಆಗತಾನೇ ಓಡಿಬಂದಿದ್ದ ಮಗಳು ಶಾಂಭವಿ ಅಡುಗೆಮನೆಗೆ ಹೋಗಿ ಡಬ್ಬ ತೆರೆದಳು. ಖಾಲಿ. ತಳದಲ್ಲಿ ಒಂದು ಚಿಟಿಕೆಯೂ ಇರಲಿಲ್ಲ, ಒರೆಸಿಟ್ಟಿತ್ತು. "ಅವ್ವ ಉಪ್ಪಿನ ಡಬ್ಬಾನೂ ಅರಿಶಿನದ ಡಬ್ಬಾನೂ ಯಾವತ್ತೂ ತಳ ಕಾಣೋಕೆ ಬಿಟ್ಟೋಳಲ್ಲ ಕಣಪ್ಪ" ಎಂದು ಶಾಂಭವಿ ಡಬ್ಬವನ್ನು ಕೈಯಲ್ಲಿ ಹಿಡಿದೇ ಅಳತೊಡಗಿದಳು. ಯಾರೋ ಅಂಗಡಿಗೆ ಓಡಿ ಪೊಟ್ಟಣ ತಂದರು. ಅದನ್ನೇ ಹಚ್ಚಿದರು. ಮುಖವೆಲ್ಲ ಹಳದಿಯಾಯಿತು, ಬಗ್ಗಿ ಕೊನೆಯ ಸಲ ನೋಡುವಾಗ ಅವನ ಮೂಗಿಗೆ ಏನೂ ಬರಲಿಲ್ಲ. ಅವನು ತೆಗೆದದ್ದು ಒಂದೇ ಮುಷ್ಟಿ. ಉಳಿದದ್ದೆಲ್ಲಿ? ಆವತ್ತಿನಿಂದ ಅವನ ತಲೆಯಲ್ಲಿ ಒಂದೇ ಉತ್ತರ ಕೂತಿತ್ತು: ತಾನು ಹೇಳಿಲ್ಲವೆಂದು ಅವಳಿಗೆ ಹೇಗೋ ಗೊತ್ತಾಗಿ, ಮೋಸಕ್ಕೆ ಮುಟ್ಟಿದ ಅರಿಶಿನ ಮನೆಯಲ್ಲಿರಬಾರದೆಂದು ಹೇಸಿ ಚೆಲ್ಲಿಬಿಟ್ಟಳು.

ಆದರೆ ಗೊತ್ತಾಗಿದ್ದರೆ, ಜ್ವರದಲ್ಲಿ ಮಲಗಿದ್ದಾಗ ಮತ್ತೆ ಯಾಕೆ ಕೇಳಿದಳು? ಮೂರನೆಯ ದಿನ, ಮಧ್ಯಾಹ್ನ. ಅವನು ಒದ್ದೆ ಬಟ್ಟೆಯನ್ನು ಹಣೆಗೆ ಹಾಕುತ್ತಿದ್ದ. ಕಣ್ಣು ತೆರೆದು, ಬೇರೇನೋ ಮಾತಿನ ನಡುವೆ, "ಆ ಹಾಡಿಯೋರಿಗೆ ಹೇಳಿದ್ರಲ್ಲಾ?" ಅಂದಳು. "ಹೇಳ್ದೆ ಕಣೇ, ಅವತ್ತೇ ಹೇಳ್ದೆ" ಎಂದ ಇವನು, ಜ್ವರದವಳಿಗೆ ಯಾಕೆ ಚಿಂತೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಬಿಸಿ ಅಂಗೈಯನ್ನು ಅವನ ಕೈಮೇಲಿಟ್ಟು "ಸರಿ ಬುಡಿ" ಅಂದಳು. ನಂಬಿದಳು. ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಚೆಲ್ಲಿದಳು ಎಂದುಕೊಂಡರೆ ನಂಬಿದಳು ಎಂಬುದು ಸರಿಬರುತ್ತಿರಲಿಲ್ಲ, ನಂಬಿದಳು ಎಂದುಕೊಂಡರೆ ಖಾಲಿ ಡಬ್ಬ ಸರಿಬರುತ್ತಿರಲಿಲ್ಲ. ವರ್ಷಪೂರ್ತಿ ಇವೆರಡರ ನಡುವೆ ಓಡಾಡಿ ಅವನು ಸವೆದುಹೋಗಿದ್ದ.

ರೇಡಿಯೇಟರನ್ನು ಮೇಜಿನ ಮೇಲಿಟ್ಟು, ಬೆಂಕಿ ಉಗುಳುವ ಬ್ಲೋಲ್ಯಾಂಪು ಹಿಡಿದು ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಎತ್ತಿದ. ಒಳಗಿನ ಕೊಳವೆಗಳ ಬಾಯಲ್ಲೆಲ್ಲ ಹಳದಿ ಕೆಸರು ಗಟ್ಟಿಯಾಗಿ ಕೂತಿತ್ತು. ನೀರು ಹರಿಯಲು ಹತ್ತರಲ್ಲಿ ಎರಡು ದಾರಿಯೂ ಉಳಿದಿರಲಿಲ್ಲ. ಒಂದು ಮುಷ್ಟಿ ಇಷ್ಟಾಗುತ್ತದೆಯೇ ಎಂದು ಬೆರಗಾಯಿತು. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಒಂದು ಕೊಳವೆಗೆ ತೂರಿ ಉಜ್ಜಿದ. ಲ್ಯಾಂಪಿನ ಬಿಸಿ ಇನ್ನೂ ಆರಿರಲಿಲ್ಲ. ಆಳದಿಂದ, ತಳದಲ್ಲಿ ಅಂಟಿದ್ದ ಹಳೆಯ ಪದರ ಕಿತ್ತು ಬರುತ್ತಿದ್ದಂತೆ, ಅದು ಬಂತು. ಗಾವಡಗೆರೆಯ ಹಿತ್ತಲು, ಒರಳು, ಒನಕೆ, ಹಬ್ಬದ ಹಿಂದಿನ ದಿನ ಅವಳು ಹೊಸಿಲು ತೊಳೆದು ಎದ್ದು ನಿಂತಾಗಿನ ಕೈ. ಶಿವನಂಜಪ್ಪ ಪಟ್ಟಿಯನ್ನು ಬಿಟ್ಟು ಮೇಜು ಹಿಡಿದುಕೊಂಡ. ಅಳು ಬಂದಿತ್ತು, ಅತ್ತರೆ ಯಾಕೆಂದು ಹೇಳಬೇಕಾಗುತ್ತದೆ.

ಅಪ್ಪಾಜಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಅವನೂ ಮೂಗರಳಿಸಿದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಆಮೇಲೆ ಕೆಸರನ್ನು ತೋರಿಸಿ, "ಬೋರ್ ನೀರು ಉಯ್ದ್ರೆ ಇಂಗಾಗದು ಅಂತಾರೆ. ಅಲ್ವಾ ಸ್ವಾಮಿ?" ಎಂದ.

ಹೌದು ಅಂದರೆ ಮುಗಿಯುತ್ತಿತ್ತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕೆಟ್ಟ ರೇಡಿಯೇಟರುಗಳನ್ನು ಅವನು ಲೆಕ್ಕವಿಲ್ಲದಷ್ಟು ಬಿಚ್ಚಿದ್ದ. ಅದರ ಬಣ್ಣ ಬಿಳಿ ಎಂಬುದು ಇವನಿಗೆ ತಿಳಿಯಲಾರದು. ದಾರಿ ತಾನಾಗೇ ತೆರೆದಿತ್ತು, ಹೊಸಿಲು ದಾಟಿದರೆ ಸಾಕು. "ಹೌದು" ಎಂಬ ಮಾತು ನಾಲಿಗೆಯ ಮೇಲೆ ಬಂದೂ ಆಗಿತ್ತು. ಅಪ್ಪಾಜಿ ಕಾಯುತ್ತಿದ್ದ. ಆ ಕಾಯುವುದರಲ್ಲಿ ಆತುರವಿರಲಿಲ್ಲ. ಅವನ ಹಿಂದೆ ಕುಳ್ಳಿ ಕೂಡ ಎದ್ದು ನಿಂತಿದ್ದಳು. ಅವಳ ಪಟ್ಟಿ ಸುತ್ತಿದ ಕೈಯ ಪಕ್ಕದಲ್ಲಿ, ಬಾಗಿಲಲ್ಲಿ, ಖಾಲಿ ಮಣೆ.

"ಬೋರ್ ನೀರಲ್ಲ ಕಣಪ್ಪ" ಎಂದ ಶಿವನಂಜಪ್ಪ. "ಅರಿಶಿನ. ನಾನೇ ಆಕಿದ್ದು. ನಿಂಗೆ ಗಾಡಿ ಕೊಡೋಕೆ ಒಂದಿನ ಮುಂಚೆ ತೂತು ಬಿದ್ದಿತ್ತು. ಮುಚ್ಚಿ ಕೊಟ್ಬುಟ್ಟೆ. ಮುಳ್ಳೂ ಅಷ್ಟೇ. ಮೇಲಕ್ಕೆ ಹೋಗ್ದಂಗೆ ವೈರಿಗೆ ಕಟ್ಟಿವ್ನಿ. ನಾನೇ ಕಟ್ಟಿದ್ದು. ಈ ನಿನ್ನ ಹೆಂಡ್ತಿ ಕೈ ಸುಟ್ಟಿದ್ದೂ ನಾನೇ."

ಅಪ್ಪಾಜಿ ಸಿಟ್ಟಾಗಲಿಲ್ಲ. ಹೆಂಡತಿಯ ಕಡೆ ತಿರುಗಿದ. ಕುಳ್ಳಿಯ ಕಣ್ಣು ತುಂಬಿತ್ತು. ಶಿವನಂಜಪ್ಪನಿಗಲ್ಲ, ಗಂಡನಿಗೆ ಹೇಳಿದಳು: "ಹೇಳ್ಬುಟ್ರು ನೋಡು."

"ಏನು?" ಎಂದ ಶಿವನಂಜಪ್ಪ.

"ಅಮ್ಮಾವ್ರು ಹೇಳಿದ್ರು ಸ್ವಾಮಿ" ಎಂದಳು ಕುಳ್ಳಿ. "ಗಾಡಿ ತಗಂಡು ಎಂಟು ದಿವ್ಸಕ್ಕೆ ನಾನು ಜೇನು ಕೊಡಕ್ಕೆ ಬಂದಿದ್ದೆ. ನೀವು ಮೈಸೂರ್ಗೆ ಓಗಿದ್ರಿ. 'ನಮ್ಮೋರು ಗಾಡಿ ಬಗ್ಗೆ ನಿಮ್ಗೆ ಏನಾರ ಹೇಳಿದ್ರಾ' ಅಂತ ಅಮ್ಮಾವ್ರು ಕೇಳುದ್ರು. ಏನೂ ಇಲ್ವಲ್ಲ ಅಂದೆ. ಸುಮ್ನೆ ಕೂತ್ಕಬುಟ್ರು ಆ ಮಣೆ ಮೇಲೆ. ಆಮೇಲೆ ಎಲ್ಲಾ ಹೇಳುದ್ರು. ಮುಳ್ಳ ನಂಬ್ಬೇಡ ಕಣವ್ವ, ಮೂಗ ನಂಬು ಅಂದ್ರು. ಅರಿಶ್ಣದ ವಾಸ್ನೆ ಒಳಿಕೆ ಬಂತು ಅಂದ್ರೆ ಇಂಜಿನ್ನು ಕಾದದೆ ಅಂತ, ಗಾಡಿ ನಿಲ್ಸಿ ತಣ್ಣಗಾದ್ಮೇಲೆ ನೀರು ಉಯ್ರಿ ಅಂದ್ರು. ಎರಡು ತಿಂಗ್ಳಿಗೊಂದು ಮುಷ್ಟಿ ಆಕಿ ಅಂತ ಡಬ್ಬದಾಗಿದ್ದ ಅರಿಶ್ಣಾನೆಲ್ಲಾ ಬಟ್ಟೇಲಿ ಕಟ್ಟಿ ಕೊಟ್ರು."

"ಎಲ್ಲಾನೂ?"

"ಡಬ್ಬ ಒರ್ಸಿ ಕೊಟ್ರು ಸ್ವಾಮಿ."

"ವರ್ಸ ಓಡುಸ್ದೆ ಅದ್ರಲ್ಲೇ" ಎಂದ ಅಪ್ಪಾಜಿ. "ಗಮ್ ಅಂದ್ರೆ ನಿಲ್ಲುಸ್ತಿದ್ದೆ. ಒಂದಿನಾನೂ ಮೋಸ ಆಗ್ಲಿಲ್ಲ. ಓದ ತಿಂಗ್ಳು ಮುಗ್ದೋಯ್ತು. ಅಂಗಡೀದು ತಂದು ಆಕ್ದೆ. ಬಣ್ಣ ಬಂತು. ವಾಸ್ನೆ ಬರ್ಲಿಲ್ಲ."

ಶಿವನಂಜಪ್ಪ ಏನನ್ನೋ ಕೇಳಬೇಕೆಂದು ಬಾಯಿ ತೆರೆದ. ಯಾಕೆ ಗಾಡಿ ವಾಪಸ್ ತರಲಿಲ್ಲ, ಯಾಕೆ ಬಂದು ಮುಖಕ್ಕೆ ಉಗಿಯಲಿಲ್ಲ ಎಂದು. ಅವನ ಮುಖ ನೋಡಿಯೇ ಕುಳ್ಳಿಗೆ ಅರ್ಥವಾಯಿತೇನೋ.

"ಬೇಕಾದ್ರೆ ಗಾಡಿ ವಾಪಸ್ ಕೊಡ್ರಿ, ನಾನು ಅವರ್ಗೆ ಹೇಳ್ತೀನಿ ಅಂದ್ರು ಅಮ್ಮಾವ್ರು. ಇಲ್ಲಾ ಇಟ್ಕಳದಾದ್ರೆ, ನೀವಾಗಿ ಅವರ್ನ ಕೇಳ್ಬೇಡಿ ಅಂದ್ರು. ಅವ್ರು ಒಂಚೂರು ನಿಧಾನ, ಆದ್ರೆ ಒಂದಿನ ಅವರಾಗೇ ಹೇಳ್ತಾರೆ ಅಂದ್ರು." ಅವಳು ಮಣೆಯ ಕಡೆ ನೋಡಿದಳು. "ಕೈ ಮುಗುದ್ರು ಸ್ವಾಮಿ, ನಂಗೆ. ನಾನು ಬ್ಯಾಡಿ ಬ್ಯಾಡಿ ಅಂತ ಆ ಕೈ ಇಡ್ಕಂಡೆ. ಅಂಗೆ ಕೈ ಮುಗುದ್ಮೇಲೆ ಗಾಡಿ ಎಂಗೆ ವಾಪಸ್ ಕೊಡದು?"

ಗಾಡಿ ಕೊಟ್ಟ ಎಂಟನೆಯ ದಿನ. ಜ್ವರ ಬಂದದ್ದು ಅದಕ್ಕೆ ಒಂದೂವರೆ ತಿಂಗಳ ಮೇಲೆ. ಶಿವನಂಜಪ್ಪ ಎರಡು ಸಲ ಎಣಿಸಿದ. ಹಾಗಾದರೆ ಮಂಚದ ಮೇಲೆ ಮಲಗಿ ಕೇಳಿದಾಗ ಅವಳಿಗೆ ಎಲ್ಲವೂ ಗೊತ್ತಿತ್ತು. ತಿಳಿದುಕೊಳ್ಳಲಿಕ್ಕೆ ಕೇಳಿದ್ದಲ್ಲ. ತಾನಿರುವಾಗಲೇ ಹೇಳಿಬಿಡಲಿ ಎಂದು ಕೇಳಿದ್ದು. ಅವನು ಕಣ್ಣಲ್ಲಿ ಕಣ್ಣಿಟ್ಟು ಹೇಳ್ದೆ ಕಣೇ ಅಂದ. ಅವಳು ಅವನ ಸುಳ್ಳನ್ನೇ ನೋಡುತ್ತ ಸರಿ ಬುಡಿ ಅಂದಳು, ಮುಂದೆ ಅದಕ್ಕಾಗಿ ಕಾಯುವ ಕೆಲಸವನ್ನು ಹಾಡಿಯ ಈ ಇಬ್ಬರಿಗೆ ಒಪ್ಪಿಸಿ.

ಹೊತ್ತು ಇಳಿಯುವವರೆಗೂ ಅವನು ಕೆಲಸ ಮಾಡಿದ. ಕೊಳವೆಗಳನ್ನೆಲ್ಲ ಉಜ್ಜಿ ತೆಗೆದ, ತೂತಿಗೆ ಬೆಸುಗೆ ಹಾಕಿದ, ತೊಟ್ಟಿ ಕೂರಿಸಿದ, ಹೊಸ ಪೈಪು ಹಾಕಿದ. ಇವತ್ತು ಯಾವುದನ್ನೂ ನಾಳೆಗೆಂದು ಬಿಡಲಿಲ್ಲ. ಅಪ್ಪಾಜಿ ಕೊನೆಯ ಬಕೆಟ್ ನೀರು ಹೊಯ್ದು ಒಳಗಿನ ಹಳದಿಯನ್ನೆಲ್ಲ ಚರಂಡಿಗೆ ತೊಳೆದು ಬಿಡುವಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿಕೊಂಡ. ಕಡೆಗೆ ಅಪ್ಪಾಜಿಯನ್ನು ಕರೆದು ತೋರಿಸಿ, ಅವನ ಎದುರಿಗೇ ವೈರಿನ ಕಪ್ಪು ಟೇಪನ್ನು ಕತ್ತರಿಸಿ ಒಳಗಿನ ತುಣುಕನ್ನು ಕಿತ್ತು ಅವನ ಅಂಗೈಗೆ ಹಾಕಿದ. ಇಷ್ಟೇಯಾ ಎಂಬಂತೆ ಅಪ್ಪಾಜಿ ಅದನ್ನು ಹೊರಳಿಸಿ ನೋಡಿದ.

ಇಂಜಿನ್ ಹಿಡಿಯಿತು. ಮುಳ್ಳು ಕದಲಿತು. ಮೆಲ್ಲಗೆ ಏರಿ, ಅರ್ಧ ದಾಟಿ, ಒಂದಿಷ್ಟು ಮೇಲೆ ಹೋಗಿ, ಮತ್ತೆ ಇಳಿದು ನಿಂತಿತು.

"ಈಗ ಅದು ನಿಜ ಹೇಳ್ತದೆ. ಅದನ್ನೇ ನೋಡ್ಕಂಡು ಓಡ್ಸು" ಎಂದ ಶಿವನಂಜಪ್ಪ.

ಸ್ಟೇರಿಂಗ್ ಹಿಡಿದು ಕೂತಿದ್ದ ಅಪ್ಪಾಜಿ ಮುಳ್ಳನ್ನು ನೋಡುತ್ತಿರಲಿಲ್ಲ. ಕಣ್ಣು ಅರೆಮುಚ್ಚಿ ಉಸಿರನ್ನು ಒಳಕ್ಕೆಳೆದ. "ವಾಸ್ನೆ ಇಲ್ಲ" ಎಂದ, ತನ್ನಷ್ಟಕ್ಕೆ.

"ಇನ್ಮೇಲೆ ಬರಲ್ಲ ಕಣಪ್ಪ."

ಕುಳ್ಳಿ ಹತ್ತುವ ಮೊದಲು ಹಿಂತಿರುಗಿ ಬಂದು, ಬಾಗಿಲಲ್ಲಿದ್ದ ಮಣೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೀಲಿ ಬಾಗಿಲು ಹಾಕಿದ ಸದ್ದಾಯಿತು. ಗಾಡಿ ಹನಗೋಡಿನ ಕಡೆಗೆ ಹೋಯಿತು.

ಶಿವನಂಜಪ್ಪ ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆದ. ಉಗುರುಸಂದಿಯ ಹಳದಿ ಹೋಗಲಿಲ್ಲ. ಅವರೆಕಾಯಿಯ ಬೋಗುಣಿ ತಂದು ಮಣೆಯ ಪಕ್ಕ, ನೆಲದ ಮೇಲೆ ಕೂತ. ಒಂದು ಕಾಯಿ ತೆಗೆದುಕೊಂಡು, ಸುಲಿಯದೆ ಹಿಡಿದುಕೊಂಡೇ ಇದ್ದ. ಬೆರಳನ್ನು ಮೂಗಿನ ಹತ್ತಿರ ತಂದರೆ ಇನ್ನೂ ಸ್ವಲ್ಪ ಉಳಿದಿತ್ತು. ನಾಳೆಗೆ ಇದೂ ಇರುವುದಿಲ್ಲ.

"ಹೇಳ್ದೆ ಕಣೇ" ಎಂದ, ಮಣೆಯ ಕಡೆ ತಿರುಗಿ.

ಈ ಸಲ ಅದು ನಿಜವಾಗಿತ್ತು. ಸರಿ ಬುಡಿ ಅನ್ನಲು ಅಲ್ಲಿ ಯಾರೂ ಇರಲಿಲ್ಲ.